ಸಹಾಯ ಬೇಕು: ರೆಸ್ಯೂಮೆಯಲ್ಲಿ ಫೀಲ್ಡ್‌ವರ್ಕ್‌ನಲ್ಲಿ ಕಲಿತದ್ದನ್ನೆಲ್ಲ ಏನಂತ ಬರೆಯಲಿ?

ನಮಸ್ಕಾರ. ಧಾರವಾಡದಲ್ಲಿ ಮಾನವಶಾಸ್ತ್ರ ಎಂ.ಎ. ಮುಗಿಸಿದ್ದೇನೆ. ಮೊನ್ನೆ ಒಂದು ಇಂಟರ್‌ವ್ಯೂನಲ್ಲಿ, "ಅಂದ್ರೆ ಎಲುಬು ಅಗೆದು ತೆಗೆಯೋದಾ?" ಎಂದು ಕೇಳಿದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಫೀಲ್ಡ್‌ವರ್ಕ್‌ಗೆ ಒಂದು ಹಳ್ಳಿಯಲ್ಲಿ ಎರಡು ತಿಂಗಳು ಇದ್ದೆ. ಮೊದಲ ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ. ಒಂದಿನ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಾ ಕೂತೆ. ಪಕ್ಕದ ಅಜ್ಜಿ ತಾವಾಗಿಯೇ ಮೂರು ತಲೆಮಾರಿನ ಆಸ್ತಿ ಜಗಳ ಹೇಳಿದರು. ಸುಮ್ನೆ ಕೇಳುವುದು, ವಂಶವೃಕ್ಷ ಬರೆಯುವುದು, ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ವ್ಯತ್ಯಾಸ ಹಿಡಿಯುವುದು, ಮರೆಯುವ ಮೊದಲೇ ಅದೇ ರಾತ್ರಿ ಟಿಪ್ಪಣಿ ಮಾಡುವುದು. ಕಲಿತದ್ದು ಇದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಕೂತು ಮಾಡಿದ್ದೂ ಇಂಥದ್ದೇ ಅಲ್ವಾ?

ಯೂಸರ್ ರಿಸರ್ಚ್ (ಜನ ಒಂದು ಆ್ಯಪ್ ಅಥವಾ ವಸ್ತುವನ್ನು ಹೇಗೆ ಬಳಸುತ್ತಾರೆ ಎಂದು ತಿಳಿಯುವ ಕೆಲಸ) ಅಥವಾ ಎನ್‌ಜಿಒ ಕೆಲಸದಲ್ಲಿ ಇರುವವರು ಯಾರಾದರೂ ಇದ್ದೀರಾ? ನಿಮ್ಮ ರೆಸ್ಯೂಮೆಯ ಎರಡು ಸಾಲು ತೋರಿಸಿದರೂ ಸಾಕು.