ಸಿದ್ಧೇಶ್ವರ ಗುಡಿಯ ಹತ್ತಿರವಿದ್ದ ಹಳೆಯ ಪುಸ್ತಕದಂಗಡಿ ಯಾರಿಗಾದರೂ ನೆನಪಿದೆಯೇ?

ಪ್ರಶ್ನೆ:
ವಿಜಯಪುರದವರೇ, ಗಾಂಧಿ ಚೌಕದಿಂದ ಸಿದ್ಧೇಶ್ವರ ಗುಡಿಗೆ ಹೋಗುವಾಗ ಒಂದು ಓಣಿಯಲ್ಲಿ ಹಸಿರು ಬಾಗಿಲಿನ ಅಂಗಡಿಯಿತ್ತು. ಅಂಗಡಿಯವರನ್ನು ನಾವೆಲ್ಲ ಅಜ್ಜ ಎಂದೇ ಕರೆಯುತ್ತಿದ್ದೆವು. ಪಿಯುಸಿ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಟ್ಟು, ಪರೀಕ್ಷೆ ಮುಗಿದ ಮೇಲೆ ಕಾಲು ಬೆಲೆಗೆ ಮರಳಿ ಪಡೆಯುತ್ತಿದ್ದರು. ಒಮ್ಮೆ ನನ್ನಲ್ಲಿ ಹತ್ತು ರೂಪಾಯಿ ಕಡಿಮೆ ಬಿತ್ತು. ಅಜ್ಜ ಕೊನೆಯ ಪುಟದಲ್ಲಿ ಪೆನ್ಸಿಲ್‌ನಿಂದ ಬರೆದಿದ್ದ ಬೆಲೆಯನ್ನು ಅಳಿಸಿ, ನನ್ನ ಕೈಯಲ್ಲಿದ್ದಷ್ಟನ್ನೇ ಬರೆದರು. ಆ ಪುಸ್ತಕ ಇಂದಿಗೂ ನನ್ನಲ್ಲಿದೆ. ಅವರ ಮನೆಯವರು ಈಗ ಎಲ್ಲಿದ್ದಾರೆ?

ಉತ್ತರ 1:
ತಂಗಿ, ನನಗೆ ಚೆನ್ನಾಗಿ ನೆನಪಿದೆ. ಗೆದ್ದಲಿಗೆ ಹೆದರಿ ಕಪಾಟಿನ ಕಾಲುಗಳಿಗೆ ಸೀಮೆಎಣ್ಣೆ ಸವರುತ್ತಿದ್ದರು; ಅಂಗಡಿಗೆಲ್ಲ ಅದೇ ವಾಸನೆ. ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ‘ಶಿವಾನುಭವ’ ಪತ್ರಿಕೆಯ ಕೆಲವು ಹಳೆಯ ಸಂಚಿಕೆಗಳನ್ನು ಅಜ್ಜ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಎಷ್ಟು ಕೇಳಿದರೂ ಮಾರಲಿಲ್ಲ. “ಇಲ್ಲೇ ಕುಳಿತು ಓದು” ಎಂದು ಸ್ಟೂಲು ಸರಿಸಿದರು. ನಾಲ್ಕು ಭಾನುವಾರ ಓದಿದೆ, ಚಹಾ ಕೂಡ ಅವರದೇ.

ಉತ್ತರ 2:
ನಾನು ಅದೇ ಓಣಿಯವನು. ಅಜ್ಜ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಅವರ ಮಗಳು ಸಂಕ್ರಾಂತಿ ಜಾತ್ರೆಗೆ ಪ್ರತಿವರ್ಷ ಬರುತ್ತಾರೆ. ಮುಂದಿನ ಸಲ ಬಂದಾಗ ನಿಮ್ಮ ಹತ್ತು ರೂಪಾಯಿಯ ಸಂಗತಿಯನ್ನು ಖಂಡಿತ ಹೇಳುತ್ತೇನೆ.

ಪ್ರಶ್ನೆ ಕೇಳಿದವರು:
ಹೇಳಬೇಡಿ ಅಣ್ಣಾ, ನಾನೇ ಬರುತ್ತೇನೆ. ಪುಸ್ತಕವನ್ನೂ ತರುತ್ತೇನೆ.