ದೊಡ್ಡಮ್ಮನ ಬೀಸೋ ಪದ ರೆಕಾರ್ಡ್ ಮಾಡೋದು ಹೇಗೆ?

ಮಧುಗಿರಿ ಹೈದ:
ನಮ್ಮೂರು ಮಧುಗಿರಿ ತಾಲ್ಲೂಕು, ಬೆಟ್ಟದ ಬುಡದಲ್ಲೇ ಇದೆ. ದೊಡ್ಡಮ್ಮನಿಗೆ ಬೀಸೋ ಪದ, ಸೋಬಾನೆ ಪದ ಎಲ್ಲಾ ಬರುತ್ತವೆ. ಈಗ ರಾಗಿ ಮಿಲ್ಲಿಗೆ ಹೋಗುತ್ತದೆ, ಮದುವೆ ಛತ್ರದಲ್ಲಿ ಆಗುತ್ತದೆ, ಇನ್ನು ಪದ ಹೇಳೋದು ಯಾವಾಗ? ಫೋನ್ ಹಿಡಿದರೆ ನಾಲ್ಕು ಸಾಲು ಹೇಳಿ "ಮುಂದಕ್ಕೆ ಬರ್ತಿಲ್ಲ ಕಣಪ್ಪ, ಬಿಡು" ಅಂತಾರೆ. ಏನು ಮಾಡಲಿ? ರೆಕಾರ್ಡ್ ಆದಮೇಲೆ ಎಲ್ಲಿ ಇಡಲಿ?

ಶಿರಾ ಸೀಮೆ:
ಬೀಸುವ ಕಲ್ಲು ಮನೆಯಲ್ಲಿದ್ದರೆ ತೊಳೆದು ಮುಂದಿಡಿ, ಎರಡು ಹಿಡಿ ರಾಗಿ ಕೊಡಿ. ಗೂಟ ಹಿಡಿದು ಕಲ್ಲು ತಿರುಗಿಸೋಕೆ ಶುರು ಮಾಡಿದರೆ ಪದ ತಾನಾಗೇ ಬರುತ್ತದೆ, ಆ ಓಟಕ್ಕೇ ಕಟ್ಟಿದ ಪದ ಅಲ್ವಾ. ಸೋಬಾನೆಗೆ ಒಬ್ಬರು ಸಾಲದು, ಒಬ್ಬರು ಸೊಲ್ಲು ಎತ್ತಿದರೆ ಇನ್ನೊಬ್ಬರು ಹಿಡಿಯಬೇಕು, ಅವರ ಓರಗೆಯವರನ್ನೂ ಕರೆಸಿ. ಫ್ಯಾನ್ ಆರಿಸಿ. ಕಲ್ಲಿನ ಸದ್ದು ಬಂದರೆ ಬರಲಿ. ಇಂಥ ಪದಕ್ಕೆ ಕೀಬೋರ್ಡ್ ಸೇರಿಸಿ ಯೂಟ್ಯೂಬಿಗೆ ಬಿಡುವವರನ್ನು ಕಂಡರೆ ಮೈ ಉರಿಯುತ್ತದೆ, ಅದಿರಲಿ.

ಪಾವಗಡದವಳು:
ಶುರುವಿನಲ್ಲೇ ಅವರ ಹೆಸರು, ಊರು, ಯಾರಿಂದ ಕಲಿತದ್ದು, ಯಾವ ಶಾಸ್ತ್ರಕ್ಕೆ ಹೇಳುವ ಪದ ಅನ್ನೋದನ್ನು ಅವರ ಬಾಯಲ್ಲೇ ಹೇಳಿಸಿ. ಎಲ್ಲರಿಗೂ ಕೇಳಿಸಬಹುದಾ ಅಂತಲೂ ಕೇಳಿ, ಸುಮ್ನೆ ನೆಟ್ಟಿಗೆ ಹಾಕಬೇಡಿ. ವಾಟ್ಸಾಪಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ನಮ್ಮ ಕಡೆ, ಬಾಗೇಪಲ್ಲಿ ಕಡೆ ಕನ್ನಡ ತೆಲುಗು ಬೆರೆತೇ ಇರುತ್ತದೆ, ಬರೆದುಕೊಳ್ಳುವಾಗ ತಿದ್ದೋಕೆ ಹೋಗಬೇಡಿ. ಒಂದು ಕಾಪಿ ಇಂಟರ್ನೆಟ್ ಆರ್ಕೈವ್ (archive.org) ಅನ್ನೋ ವೆಬ್‌ಸೈಟಲ್ಲಿ ಇಡಬಹುದು, ದುಡ್ಡು ಕೊಡಬೇಕಿಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ರಾಮನಗರದ ಜಾನಪದ ಲೋಕ, ಎರಡು ಕಡೆಯೂ ಕೇಳಿ ನೋಡಿ.

ಹಟ್ಟಿ ಹುಡುಗ:
ಪದ ಸರಿ. ಆಚಾರ? ನಮ್ಮ ಕಾಡುಗೊಲ್ಲರಲ್ಲಿ ಗಣೆ ಅನ್ನೋ ಉದ್ದನೆ ಕೊಳಲು ಊದಿಕೊಂಡು ನಮ್ಮ ದೈವ ಜುಂಜಪ್ಪನ ಕಥೆ ಹೇಳುತ್ತಾರೆ, ಅದು ಖಂಡಿತ ಉಳಿಯಬೇಕು, ಈಗಿನ ಹುಡುಗರಲ್ಲಿ ಗಣೆ ಮುಟ್ಟುವವರೇ ಕಮ್ಮಿ. ಹಾಗಂತ ಬಾಣಂತಿಯನ್ನು ಎಳೆಗೂಸಿನ ಸಮೇತ ಊರಾಚೆ ಗುಡಿಸಲಲ್ಲಿ ಇಡುವುದನ್ನೂ ಸಂಪ್ರದಾಯ ಅಂತ ಉಳಿಸಬೇಕಾ? ಹೀಗಿತ್ತು ಅಂತ ಬರೆದಿಡಿ, ಸಾಕು.

ಮಧುಗಿರಿ ಹೈದ:
ಕಲ್ಲು ಕೊಟ್ಟಿಗೆಯಲ್ಲಿದೆ, ಮೇಲೆ ಮೇವು ಒಟ್ಟಿದ್ದಾರೆ, ತೆಗೆಸುತ್ತೇನೆ. ಸೋಬಾನೆಗೆ ಜೊತೆ ಹಿಡಿಯುವವರು ಈಗ ದೊಡ್ಡಬಳ್ಳಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನ್ ಸ್ಪೀಕರಿಗೆ ಹಾಕಿ ಹೇಳಿಸಿದರೆ ಆಗುತ್ತದಾ?

ಶಿರಾ ಸೀಮೆ:
ಆಗಲ್ಲ ಮಾರಾಯ, ದನಿ ತಡವಾಗಿ ಬಂದು ಒಬ್ಬರ ಸೊಲ್ಲಿನ ಮೇಲೆ ಇನ್ನೊಬ್ಬರದು ಬೀಳುತ್ತದೆ. ಸರ್ಕಾರಿ ಬಸ್ ಹತ್ತಿಸಿ ಕರೆದುಕೊಂಡು ಬನ್ನಿ, ಅವರಿಗೆ ಟಿಕೆಟ್ ಹೇಗೂ ಫ್ರೀ.