ಮಗಳಿಗೆ ಎರಡು ತಿಂಗಳಿಂದ ಮುಟ್ಟಾಗಿಲ್ಲ, ಹೇಗೆ ಕೇಳಲಿ?

ಕೇಳಿದವರು: ಉಡುಪಿಯ ಒಬ್ಬ ಅಮ್ಮ

ಮಗಳಿಗೆ 15 ವರ್ಷ, ಹತ್ತನೇ ಕ್ಲಾಸು. 13ಕ್ಕೆ ದೊಡ್ಡವಳಾದಳು. ಈಗ ಎರಡು ತಿಂಗಳು ದಾಟಿತು, ಡೇಟ್ ಆಗಿಲ್ಲ. ಮೊನ್ನೆ ರಾತ್ರಿ ಅಳುತ್ತಾ "ಅಮ್ಮಾ, ನಾನು ಬಸುರಿ ಆಗಿರಬಹುದಾ?" ಅಂತ ಕೇಳಿದಳು. ಯಾಕೆ ಹಾಗೆ ಕೇಳ್ತೀ ಅಂದರೆ ಬಾಯಿ ಬಿಡುತ್ತಿಲ್ಲ. ನನಗೆ ಕೈಕಾಲೇ ಆಡುತ್ತಿಲ್ಲ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಸುರತ್ಕಲ್‌ನಿಂದ, ಇಬ್ಬರು ಹೆಣ್ಣುಮಕ್ಕಳ ತಾಯಿ

ಅಕ್ಕ, ಅವಳು ನಿಮ್ಮ ಹತ್ತಿರವೇ ಬಂದು ಕೇಳಿದಳಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ನಾನು ನನ್ನ ಅಮ್ಮನನ್ನು ಕೇಳಲೇ ಇಲ್ಲ. ಪಿಯುಸಿ ಮೊದಲ ವರ್ಷ, ಎಪ್ಪತ್ತು ದಿನ ಕಳೆದಿತ್ತು. ಬೇರೆಯವರು ಬಳಸಿದ ಟಾಯ್ಲೆಟ್‌ನಿಂದ ಬಸುರಿ ಆಗುತ್ತಾರೆ ಅಂತ ಯಾರೋ ಹೇಳಿದ್ದನ್ನು ನಂಬಿ, ಕಾಲೇಜಿನಲ್ಲಿ ಇಡೀ ದಿನ ನೀರು ಕುಡಿಯದೆ ಕೂರುತ್ತಿದ್ದೆ. ಕೊನೆಗೆ ಉರಿಮೂತ್ರ ಆಗಿ ಕ್ಲಿನಿಕ್‌ಗೆ ಹೋದೆವು. ಕೌಂಟರಿನಲ್ಲಿದ್ದವರು ಎಲ್ಲರ ಎದುರೇ "ಎಂತ, ಬೇರೆ ಏನಾದರೂ ಉಂಟಾ?" ಅಂತ ಕೇಳಿದರು. ಆಗ ಅಮ್ಮ ತಿರುಗಿ ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ಹಾಗಾಗಿ ನನ್ನ ದೊಡ್ಡವಳಿಗೆ ಹೀಗೇ ಆದಾಗ ಎದುರು ಕೂರಿಸಿ ವಿಚಾರಣೆ ಮಾಡಲಿಲ್ಲ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದೆವು. "ನೀನು ಏನು ಹೇಳಿದರೂ ಬೈಯುವುದಿಲ್ಲ, ಯಾರಿಗೂ ಹೇಳುವುದಿಲ್ಲ" ಅಂದೆ. ತುಂಬ ಹೊತ್ತು ಬರೀ ದಂಟು ಮುರಿಯುತ್ತಾ ಕೂತಳು. ಆಮೇಲೆ ಹೇಳಿದಳು, ಅವಳ ಹೆದರಿಕೆ ಈಜುಕೊಳದ್ದು! ಹುಡುಗರೂ ಅದೇ ನೀರಿಗೆ ಇಳಿದಿದ್ದರಂತೆ. ಮೂರು ವಾರ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಗು ನಿದ್ದೆಗೆಟ್ಟಿತ್ತು.

ನೀರಿನಿಂದ, ಟಾಯ್ಲೆಟ್ ಸೀಟಿನಿಂದ, ಕೈ ಹಿಡಿದರೆ, ತಬ್ಬಿಕೊಂಡರೆ, ಮುತ್ತು ಕೊಟ್ಟರೆ ಗರ್ಭ ನಿಲ್ಲುವುದಿಲ್ಲ. ಅದಕ್ಕೆ ಗಂಡಿನ ವೀರ್ಯ ಯೋನಿಯನ್ನು ಸೇರಬೇಕು. ಇಷ್ಟನ್ನು ನಾವೇ ಬಾಯಿಬಿಟ್ಟು ಹೇಳಿಬಿಡಬೇಕು ಅಕ್ಕ. ಹೇಳುವಾಗ ನನಗೂ ನಾಚಿಕೆ ಆಯಿತು, ಆದರೂ ಹೇಳಿದೆ.

ಇನ್ನು ಮುಟ್ಟು ತಪ್ಪುವುದಕ್ಕೆ ಡಾಕ್ಟರಮ್ಮ ಹೇಳಿದ ಕಾರಣ ಇದು: ಮೊದಲ ಎರಡು ಮೂರು ವರ್ಷ ಅಂಡಾಶಯದಿಂದ ಪ್ರತಿ ತಿಂಗಳೂ ಅಂಡ ಹೊರಬರುವುದಿಲ್ಲ, ಹಾರ್ಮೋನು ಇನ್ನೂ ಹದಕ್ಕೆ ಬಂದಿರುವುದಿಲ್ಲ. ಈ ವಯಸ್ಸಿನಲ್ಲಿ 21ರಿಂದ 45 ದಿನಕ್ಕೊಮ್ಮೆ ಆದರೂ ಸಾಮಾನ್ಯವೇ. ನಮ್ಮ ಮನೆಯಲ್ಲಿ ಈಗ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರ್‌ನಲ್ಲಿ ಮೂವರದ್ದೂ ಪೆನ್ಸಿಲ್ ಚುಕ್ಕೆ ಉಂಟು.

ಮಂಗಳೂರಿನಿಂದ, ನರ್ಸ್

ಮೇಲಿನ ಅಕ್ಕ ಹೇಳಿದ್ದರಲ್ಲಿ ಒಂದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ. ಯಾರಾದರೂ ಅವಳಿಗೆ ತೊಂದರೆ ಕೊಟ್ಟಿದ್ದರೆ ನೀವು ಆ ಮಾತು ಮುರಿಯಲೇಬೇಕಾಗುತ್ತದೆ. "ನಿನ್ನನ್ನು ಬಿಟ್ಟು ಏನೂ ಮಾಡುವುದಿಲ್ಲ" ಅನ್ನಿ, ಸಾಕು. ಅಂಥದ್ದೇನಾದರೂ ಇದ್ದರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ ಅದು.

ಅನುಮಾನ ಇದ್ದರೆ ಊಹೆ ಮಾಡುತ್ತಾ ಕೂರಬೇಡಿ, ಗರ್ಭದ ಟೆಸ್ಟ್ ಮಾಡಿ. ಕಿಟ್ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಬೆಳಗಿನ ಮೊದಲ ಮೂತ್ರ, ಕವರಿನ ಮೇಲೆ ಬರೆದಷ್ಟು ಹನಿ, ಬರೆದಷ್ಟು ನಿಮಿಷ. 'ಸಿ' ಹತ್ತಿರ ಒಂದೇ ಗೆರೆ ಬಂದರೆ ಇಲ್ಲ ಅಂತ. 'ಟಿ' ಹತ್ತಿರವೂ ಬಂದರೆ, ಅದು ಎಷ್ಟೇ ಮಾಸಲಾಗಿದ್ದರೂ, ಡಾಕ್ಟರ ಹತ್ತಿರ ಹೋಗಬೇಕು. 'ಸಿ' ಗೆರೆ ಬರದಿದ್ದರೆ ಕಿಟ್ಟೇ ಸರಿ ಇಲ್ಲ. ಡೇಟ್ ಏರುಪೇರು ಇರುವವರು ಸಂಪರ್ಕ ಆಗಿ 3 ವಾರ ಕಳೆದ ಮೇಲೆ ಮಾಡಿದರೆ ಉತ್ತರ ನಂಬಬಹುದು.

ಒಂದು ವೇಳೆ ಹೌದು ಅಂತ ಬಂದರೆ ಪಪ್ಪಾಯಿ, ಎಳ್ಳು, ಕಷಾಯ ಅಂತ ಹೋಗಬೇಡಿ. ಗುಟ್ಟಾಗಿ ಮಾತ್ರೆ ತಂದು ನುಂಗಿಸುವುದಂತೂ ಬೇಡವೇ ಬೇಡ. ರಕ್ತ ನಿಲ್ಲದೆ ಜೀವಕ್ಕೇ ಕುತ್ತು ಬರಬಹುದು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆದ ನಂತರ 18 ತುಂಬದ ಹುಡುಗಿಯರಿಗೆ 24 ವಾರದವರೆಗೂ ಕಾನೂನು ಪ್ರಕಾರ ಗರ್ಭಪಾತ ಮಾಡಿಸಬಹುದು, ಪೋಷಕರ ಬರಹದ ಒಪ್ಪಿಗೆ ಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಂತೆ ಡಾಕ್ಟರು ಪೊಲೀಸರಿಗೆ ತಿಳಿಸಬೇಕು. ಈ ಹೆದರಿಕೆಗೇ ಎಷ್ಟೋ ಜನ ಆಸ್ಪತ್ರೆಗೆ ಬರುವುದಿಲ್ಲ. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಟೆಸ್ಟ್‌ನಲ್ಲಿ ಇಲ್ಲ ಅಂತ ಬಂದರೂ, 90 ದಿನ ದಾಟಿದರೆ ತೋರಿಸಿ. ಆದಾಗ 7 ದಿನಕ್ಕಿಂತ ಜಾಸ್ತಿ ಹೋದರೆ, ಗಂಟೆಗೆ ಎರಡು ಗಂಟೆಗೆ ಪ್ಯಾಡ್ ತುಂಬಿದರೆ ಕಾಯುವುದೇ ಬೇಡ. ಇಲ್ಲಿ ಲೇಡಿಗೋಶನ್ ಸರ್ಕಾರಿ ಆಸ್ಪತ್ರೆ ಉಂಟು, ನಿಮಗೆ ಉಡುಪಿಯಲ್ಲೇ ಸರ್ಕಾರಿ ತಾಯಿ ಮಕ್ಕಳ ಆಸ್ಪತ್ರೆ ಉಂಟು. ಹದಿಹರೆಯದವರಿಗೆ ಅಂತಲೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆಯೂ ಅಲ್ಲಿ ವಿಚಾರಿಸಿ.

ಮಂಗಳೂರಿನಿಂದ, ಡಿಗ್ರಿ ಓದುವ ಹುಡುಗಿ

ಆಂಟಿ, ಅವಳು ಸರಿಯಾಗಿ ಊಟ ಮಾಡ್ತಾಳಾ ಅಂತ ನೋಡಿ. ಸೆಕೆಂಡ್ ಪಿಯುಸಿಯಲ್ಲಿ ನಾನು ಹಾಸ್ಟೆಲ್‌ನಲ್ಲಿದ್ದೆ. ಬೆಳಗ್ಗೆ ನಾಲ್ಕೂವರೆಗೆ ಏಳುವುದು, ತಿಂಡಿ ಬಿಡುವುದು, ರಾತ್ರಿ ಎರಡು ಬಿಸ್ಕೆಟ್. ಆರು ಕೆಜಿ ಇಳಿದೆ. ನಾಲ್ಕು ತಿಂಗಳು ಪೀರಿಯಡ್ಸ್ ಇಲ್ಲ. ರೂಮ್‌ಮೇಟ್ಸ್ ಪಿಸುಗುಟ್ಟುತ್ತಿದ್ದರು, ಅದೇ ಜಾಸ್ತಿ ನೋವು. ಥೈರಾಯ್ಡ್, ರಕ್ತ ಎಲ್ಲ ನೋಡಿದ ಡಾಕ್ಟರ್ "ಮೊದಲು ಊಟ, ನಿದ್ದೆ" ಅಂದರು. ಅಜ್ಜಿ ಮನೆಗೆ ಹೋಗಿ ದಿನಾ ಕುಚ್ಚಲಕ್ಕಿ ಗಂಜಿ, ಮೊಟ್ಟೆ, ಮೀನು ತಿಂದೆ. ಮೂರನೇ ತಿಂಗಳಿಗೆ ಬಂತು. ನನ್ನ ಫ್ರೆಂಡಿಗೆ ಮಾತ್ರ ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗಿ ಬರುವ ಅಂಡಾಶಯದ ತೊಂದರೆ ಇತ್ತು. ಅವಳಿಗೆ ತುಂಬ ಮೊಡವೆ, ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿತ್ತು. ಹಾಗಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಕೇಳಿದ ಅಮ್ಮ

ನಿನ್ನೆ ಬಟ್ಟೆ ಮಡಚುತ್ತಾ ಕೇಳಿದೆ. ಬಸ್ಸಿನ ರಶ್‌ನಲ್ಲಿ ಒಬ್ಬ ಹುಡುಗ ಮೈಗೆ ತಾಗಿ ನಿಂತಿದ್ದನಂತೆ, ಅಷ್ಟೇ. ತಬ್ಬಿಕೊಂಡು ಇಬ್ಬರೂ ಅತ್ತೆವು. ಆದರೂ ಡಾಕ್ಟರಿಗೆ ತೋರಿಸುತ್ತೇನೆ. ಸ್ಕ್ಯಾನಿಂಗ್ ಅಂದರೆ ಒಳಗೆ ಕೈ ಹಾಕಿ ನೋಡುತ್ತಾರಾ ಅಂತ ಹೆದರುತ್ತಿದ್ದಾಳೆ.

ಮಂಗಳೂರಿನಿಂದ, ನರ್ಸ್

ಇಲ್ಲ ಅಂತ ಹೇಳಿ ಅವಳಿಗೆ. ಈ ವಯಸ್ಸಿನವರಿಗೆ ಹೊಟ್ಟೆಯ ಮೇಲಿನಿಂದಲೇ ನೋಡುತ್ತಾರೆ. ತಣ್ಣನೆಯ ಜೆಲ್ ಹಚ್ಚುತ್ತಾರೆ, ಅಷ್ಟೇ. ಮೂತ್ರ ತುಂಬಿರಬೇಕು, ಒಂದು ಗಂಟೆ ಮುಂಚೆ ನೀರು ಕುಡಿಸಿ. ಹಿಂದಿನ ಡೇಟ್‌ಗಳನ್ನು ಒಂದು ಚೀಟಿಯಲ್ಲಿ ಅವಳ ಕೈಯಿಂದಲೇ ಬರೆಸಿಕೊಂಡು ಹೋಗಿ.